ಸಾಹೇಬರು ಹೇಳಿದ ಕಸ

ಅಂಗಳದಲ್ಲಿ ಕೂತು ಹತ್ತರಕಿ ಸೋಸುತ್ತಿದ್ದೆ. ಹತ್ತರಕಿ ಗೊತ್ತಲ್ಲ, ಅಕ್ಕತಂಗಿಯರೇ? ಯಾರೂ ಬಿತ್ತದೆ ಬರುವ ಸೊಪ್ಪು. ಜೋಳದ ಸಾಲಿನ ನಡುವೆ ತಾನಾಗಿ ಹುಟ್ಟಿ, ನಮ್ಮ ರೊಟ್ಟಿಯ ಮಗ್ಗುಲಿಗೆ ತಾನಾಗಿ ಬಂದು ಕೂಡುತ್ತದೆ. ಎಣ್ಣೆ ಬೇಡ, ಒಲೆ ಬೇಡ, ಹಸಿಯಾಗಿಯೇ ತಿನ್ನಬಹುದು. ಇದು ದೇವರ ದಯೆಯಲ್ಲದೆ ಮತ್ತೇನು?

ಅಷ್ಟರಲ್ಲಿ ನಮ್ಮವರು, ಊರ ಪಾಟೀಲರು, ಚಾವಡಿಯ ಮೀಟಿಂಗ್ ಮುಗಿಸಿ ಬಂದರು. ಮೀಸೆ ಆಗಲೇ ಮೇಲಕ್ಕೆ ತಿರುಗಿತ್ತು.

"ಕೇಳಿದೇನು? ಎಳ್ಳ ಅಮಾಸಿಗೆ ಸೋಲಾಪುರದಿಂದ ಶೇತಕೀ ಸಾಹೇಬ್ರು, ಅಂದ್ರ ಒಕ್ಕಲುತನದ ಸಾಹೇಬ್ರು, ನಮ್ಮ ಬೋರಾಮಣಿಗೆ ಬರ್ತಾರ. ಯಾರ ಹೊಲ ಸ್ವಚ್ಛ ಐತಿ ಅವ್ರಿಗೆ ಜರೀ ಫೇಟಾ! ನಮ್ಮ ಹೊಲದಾಗ ಒಂದು ಎಸಳು ಕಸಾ ಕಾಣಬಾರ್ದು. ಕಿತ್ತಿದ್ದನ್ನ ಯಾರೂ ಮನಿಗೆ ಒಯ್ಯಂಗಿಲ್ಲ. ಬದುವಿನ ಮ್ಯಾಲೆ ಹಾಕಿ ಸುಡೋದು."

"ಇದನ್ನೂ ಏನ್ರಿ?" ಎಂದು ಮೊರ ತೋರಿಸಿದೆ.

"ಅದು ಕಸಾ ಅಲ್ಲದ ಮತ್ತೇನು?"

(ಹಿಂದಿನ ರಾತ್ರಿ ಇದೇ ಕಸದ ಸಂಗಡ ರೊಟ್ಟಿ ಹಾಕಿಸಿಕೊಂಡು ತಿಂದವರು ಯಾರು? ನಾನು ಕೇಳಲಿಲ್ಲ. ಬಾಯಿ ಮುಚ್ಚಿಕೊಳ್ಳುವ ಬುದ್ಧಿ ದೇವರು ಕೊಟ್ಟಿದ್ದಾನಲ್ಲ, ಅದೂ ಅವನ ದಯೆ.)

ಸುದ್ದಿ ಕುರುಬರ ಮಾಳವ್ವನಿಗೆ ಮುಟ್ಟಿತು. ಊರಾಚೆ ಮಾಳದ ಮೇಲೆ ಅವಳ ಹಟ್ಟಿ. ವರ್ಷವೂ ಅವರ ಕುರಿಗಳು ನಮ್ಮ ಹೊಲದಲ್ಲಿ ತಂಗುತ್ತವೆ. ಕಸ ತೆಗೆಯಲು ಅವಳೂ ಅವಳ ಸೊಸೆಯರೂ ಬರುತ್ತಾರೆ, ಸಂಜೆಗೆ ಉಡಿ ತುಂಬ ಸೊಪ್ಪು ಒಯ್ಯುತ್ತಾರೆ. ಅದಕ್ಕೂ ಅವರಲ್ಲೊಂದು ಕಟ್ಟಳೆ ಇದೆ. ಬೆಳೆಗೆ ಅಡ್ಡ ಬಂದದ್ದನ್ನು ಕೀಳಬೇಕು. ತಿನ್ನುವುದನ್ನು ಎಲೆ ಚಿವುಟಿ ಬೇರು ಬಿಡಬೇಕು. ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಒಂದು ಮಗ್ಗುಲು ಮುಟ್ಟಲೇ ಕೂಡದು. ಅದು ಅವರ ದೇವರು ಬೀರಪ್ಪನ ಪಾಲು. ಬೀರಪ್ಪ ಬಂದು ಪಲ್ಯ ತಿಂದದ್ದನ್ನು ನಾನು ಕಂಡಿಲ್ಲ. ಆ ಪಾಲು ಹೂ ಬಿಟ್ಟು, ಬೀಜ ಉದುರಿಸಿ, ಮರುವರ್ಷ ಅದೇ ಜಾಗದಲ್ಲಿ ಚಿಗುರಿದ್ದನ್ನು ಕಂಡಿದ್ದೇನೆ.

ಮಾಳವ್ವ ನೆಟ್ಟಗೆ ನನ್ನ ಬಾಗಿಲಿಗೇ ಬಂದಳು.

"ಯವ್ವಾ, ಬರೀ ಉಡಿ ಒಯ್ದು ಮೊಮ್ಮಕ್ಕಳ ರೊಟ್ಟಿಗಿ ಏನ್ ಹಚ್ಚಲಿ? ಪಾಟೀಲ್ರ ಫೇಟಾ ಹಚ್ಚಲೇನು?"

ಫೇಟಾ ನನ್ನ ತಲೆಗೆ ಬರುವುದಲ್ಲ, ಹೊಲವೂ ನನ್ನ ಮಾತಿಗೆ ಬರುವುದಲ್ಲ.

ರಸ್ತೆಯ ಮಗ್ಗುಲ ಹೊಲ ಮೊದಲು. (ಸಾಹೇಬರು ಮೋಟಾರಿನಲ್ಲಿ ಕೂತೇ ನೋಡಬಹುದಲ್ಲ!) ಮಾಳದ ಕಡೆಯ ತುಂಡು ಅಮಾಸಿಯ ಮರುದಿನ ಎಂದು ಠರಾಯಿತು. ರಸ್ತೆಯ ಹೊಲದಲ್ಲಿ ಬೀರಪ್ಪನ ಪಾಲೂ ಹೊಗೆಯಾಗಿ ಹೋಯಿತು. ಹೊಲ ಸ್ವಚ್ಛವಾಯಿತು. ಅದರ ಸಂಗಡ ನನ್ನ ಅಡಿಗೆಮನೆಯೂ ಸ್ವಚ್ಛವಾಯಿತು. ಅಮಾಸಿಯ ದಿನ ಹೊಲಕ್ಕೆ ಚೆಲ್ಲುವ ಚರಗಕ್ಕೆ ಹತ್ತೆಂಟು ಸೊಪ್ಪಿನ ಭಜ್ಜಿ ಆಗಬೇಕು. ಈ ಸಲ ಕಡಲೆಸೊಪ್ಪು ಒಂದೇ. ಭೂಮಿತಾಯಿ ಮುಖ ತಿರುವಲಿಲ್ಲ, ದೊಡ್ಡ ಮನಸ್ಸಿನವಳು.

ಬಿಳಿ ತೊಗಲಿನ ಗೋರಾ ಸಾಹೇಬ ಬರುತ್ತಾನೆಂದು ಹೆದರಿದ್ದೆ. ಬಂದವರು ಪುಣೆಯ ಕಡೆಯವರು, ಗೋರಾ ಇದ್ದದ್ದು ಟೋಪಿ ಮಾತ್ರ. ಹೊಲ ನೋಡಿದರು, ಮೆಚ್ಚಿದರು, ನಮ್ಮವರ ತಲೆಗೆ ಫೇಟಾ ಸುತ್ತಿಸಿದರು. ಆಮೇಲೆ ಮರಾಠಿಯಲ್ಲಿ ಲೆಕ್ಚರ್.

"ಶೇತಕರೀ ಬಂಧೂನೋ, ಜಮಿನೀಚಾ ಕಸ ಜಪಾ! ಕಸ ಗೇಲಾ ಕೀ ಸಗಳಂ ಗೇಲಂ!"

ಮರಾಠಿಯಲ್ಲಿ ಕಸ ಎಂದರೆ ಮಣ್ಣಿನ ಸತ್ವ. ಸತ್ವ ಕಾಪಾಡಿರಿ, ಅದು ಹೋದರೆ ಎಲ್ಲ ಹೋಯಿತು ಎಂದು ಅವರ ಮಾತು. ಒಳ್ಳೆಯ ಮಾತೇ. ಆದರೆ ಕೇಳುವವರು ಕನ್ನಡದವರು!

ಹೆಂಗಸರ ಗುಂಪಿನಲ್ಲಿ ಮಾಳವ್ವ ಎದ್ದು ನಿಂತಳು.

"ಕೇಳಿದ್ರಿಲ್ಲೋ! ಕಸಾ ಜತನ ಮಾಡ್ರಿ, ಕಸಾ ಹೋದ್ರ ಎಲ್ಲಾ ಹೋಯ್ತು ಅಂತ ಸಾಹೇಬ್ರ ಹೇಳಾಕತ್ತಾರ!"

ನಗೆಯೋ ನಗೆ. ನಮ್ಮವರು ಫೇಟಾ ಸರಿಪಡಿಸಿಕೊಂಡರು. "ಏ ಮಾಳವ್ವಾ, ಅದು ಮರಾಠಿ ಕಸ. ಅಂದ್ರ ಮಣ್ಣಿನ ತಾಕತ್ತು."

"ನಮ್ಮ ಕಸಾನೂ ತಾಕತ್ತ ರೀ, ಪಾಟೀಲ್ರ. ಅದನ್ನ ತಿಂದೇ ನಿಮ್ಮ ಹೊಲಾ ಹಸನ ಮಾಡೀವಿ."

"ಬಾಯಕಾ ಕಾಯ ಮ್ಹಣತಾತ?" ಹೆಂಗಸರು ಏನನ್ನುತ್ತಾರೆ ಎಂದು ಸಾಹೇಬರು ಕೇಳಿದರು.

ನಮ್ಮವರು ಏನೆನ್ನಬೇಕು? ನಿಮ್ಮ ಮಾತನ್ನು ತಲೆಕೆಳಗು ಮಾಡಿದರು ಎನ್ನಬೇಕೇ? ಈಗಷ್ಟೇ ಫೇಟಾ ಸುತ್ತಿಸಿದವರು ಅವರೇ!

"ಆಪಲಂ ಮ್ಹಣಣಂ ಪಟಲಂ, ಸಾಹೇಬ." ನಿಮ್ಮ ಮಾತು ಒಪ್ಪಿಗೆಯಾಯಿತಂತೆ.

ಸಾಹೇಬರು ಅರಳಿಹೋದರು. "ಶಾಬಾಸ! ಉದ್ಯಾಪಾಸೂನ ಕಸ ಜಪಾಯಚಾ!" ನಾಳೆಯಿಂದಲೇ ಕಾಪಾಡಿರಿ ಎಂದು ಮಾಳವ್ವನಿಗೇ ಕೈ ಮಾಡಿ ಹೇಳಿದರು. ಅವಳು ಸೆರಗು ಹೊದ್ದು ಕೈ ಮುಗಿದಳು. ಮುಗಿಯಿತು, ಸರಕಾರದ ಆರ್ಡರ್! ಇನ್ನು ಮಾಳದ ತುಂಡಿಗೆ ಬೆಂಕಿ ಇಡುವ ಧೈರ್ಯ ಯಾರಿಗಿದೆ?

(ಮಾಳವ್ವ ಸೋಲಾಪುರದ ಸಂತೆಯಲ್ಲಿ ಉಣ್ಣೆ ಮಾರುವುದು ಮರಾಠಿಯಲ್ಲಿ. ಜಗಳವಾಡುವುದೂ ಮರಾಠಿಯಲ್ಲಿ. ಇದನ್ನು ನಾನು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿರಿ.)

ನಮ್ಮ ಜಾಣತನ ನೋಡಿರಿ. ಬೀರಪ್ಪನ ಪಾಲು ಬಿಡು ಎಂದು ಕಂಬಳಿ ಹೊದ್ದವಳು ಹೇಳಿದರೆ ಮೌಢ್ಯ. ಅದನ್ನೇ ಟೋಪಿ ಹಾಕಿದವರು ಹೇಳಿದರೆ, ಅದೂ ಹೇಳದೆಯೇ ಹೇಳಿದರೆ, ಶಾಸ್ತ್ರ!

ಮರುದಿನ ಸಂಜೆ ಮಾಳವ್ವ ತುಂಬಿದ ಉಡಿ ಹಿಡಿದು ನಮ್ಮ ಅಂಗಳ ಹಾದಳು. ಹೋಗುತ್ತ ನನ್ನ ಮೊರಕ್ಕೂ ಒಂದು ಹಿಡಿ ಬಿತ್ತು. ನಮ್ಮವರು ಫೇಟಾ ಸಮೇತ ಕಟ್ಟೆಯ ಮೇಲೆ ಕೂತಿದ್ದರು.

"ರೊಟ್ಟಿ ಜೋಡಿ ಏನೈತಿ?"

"ಸಾಹೇಬ್ರು ಜತನ ಮಾಡ್ರಿ ಅಂದದ್ದ ಐತ್ರಿ."

ಅವರು ಕೆಮ್ಮಿದರು. ನಾನು ಸೊಪ್ಪು ಸೋಸಿ, ಹಿಟ್ಟು ನಾದಲು ಒಳಗೆ ಹೋದೆ. ಮೊರದಲ್ಲಿ ಬಿಸಾಡುವಂಥದ್ದು ಒಂದು ಎಸಳೂ ಸಿಗಲಿಲ್ಲ. ಹಾಗಾದರೆ, ಅಕ್ಕತಂಗಿಯರೇ, ಕಸ ಇದ್ದದ್ದು ಎಲ್ಲಿ?