ತೊಡಕಿನ ದಿನದ ಕಾಯಿಹಾಲು

ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು. ತೋರಣದಲ್ಲಿ ಬಾಡಿದ ಮಾವಿನೆಲೆ ಕಿತ್ತು ಹೊಸದು ಸಿಕ್ಕಿಸಿದ್ದು. ಹಾಲು ಕರೆದು ಡೈರಿಗೆ ಕಳಿಸಿದ್ದು. ನಿನ್ನೆ ಒಬ್ಬಟ್ಟು ಬೇಯಿಸಿದ ಹಂಚು ಉಜ್ಜಿ ಗೋಡೆಗೆ ಒರಗಿಸಿದ್ದು. ಶಾವಿಗೆ ಒರಳನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟಿದ್ದು. ನೆನೆದ ಅಕ್ಕಿ ರುಬ್ಬಿದ್ದು, ಗಸಗಸೆ ಹುರಿದಿದ್ದು, ಏಲಕ್ಕಿ ಸುಲಿದಿದ್ದು, ಬೆಲ್ಲ ಕುಟ್ಟಿ ಪಾಕಕ್ಕಿಟ್ಟಿದ್ದು. ಇವುಗಳ ನಡುನಡುವೆ, ಇನ್ನೂ ಹೊತ್ತಿದೆ ಎಂದು ಗೊತ್ತಿದ್ದೂ, ಬೀದಿ ಬಾಗಿಲಿಗೆ ಹೋಗಿ ಹೋಗಿ ನೋಡಿದ್ದು.

ಯುಗಾದಿಯ ಮರುದಿನ ವರ್ಷತೊಡಕು. ಸುತ್ತಿನ ಎಷ್ಟೋ ಮನೆಗಳಲ್ಲಿ ಅಂದು ಮಾಂಸದ ಬಾಡೂಟ. ನಮ್ಮದು ಬಾಡು ಮುಟ್ಟದ ಮನೆ, ಹಾಗಾಗಿ ಒತ್ತುಶಾವಿಗೆ ಮತ್ತು ಕಾಯಿಹಾಲು. ತೊಡಕಿನ ದಿನ ಮನೆಯಲ್ಲಿ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮತ್ತೆ ನಂಬಿದ್ದರು. ಅಂದು ಯಾರೂ ಅಳಬಾರದು, ಯಾರೂ ಮುನಿಸಿಕೊಳ್ಳಬಾರದು, ಹಾಲು ಒಡೆಯಬಾರದು.

ಅತ್ತೆ ಹೋದ ವರ್ಷ ಮಾಘದ ಚಳಿಯಲ್ಲಿ ತೀರಿಕೊಂಡರು. ಆ ಸಲ ಯುಗಾದಿ ಮಾಡಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಇದೇ ಮೊದಲ ಹಬ್ಬ. ಕಾರ್ಯದ ದಿನ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು, ಹೊರಡುವಾಗ ಜಗುಲಿಯಲ್ಲಿ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಆಡಿದ್ದಳು. "ಅವ್ವ ಇಲ್ದಿರೋ ಮನೇಗೆ ಇನ್ಯಾಕ್ ಬರ್ಲಿ ಅತ್ತಿಗೆ?" ಜಗಳದ ದನಿಯಲ್ಲ. ಬಾವಿ ಬತ್ತಿತು ಎನ್ನುವ ಹಾಗೆ, ಇದ್ದದ್ದನ್ನು ಹೇಳುವ ದನಿ. ಜಗಳವಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹುಳಿಯಾರಿನ ಕಡೆ ಕೊಟ್ಟ ಹುಡುಗಿ ಮೂವತ್ತು ವರ್ಷ ಹಬ್ಬ ತಪ್ಪಿಸದೆ ಬಂದವಳು. ಈಗ ನನ್ನ ಕೈಗೆ ಒಲೆ ಬಂದ ಮೇಲೆ ಬರುವುದು ನಿಂತರೆ, ಈ ಮನೆಯನ್ನು ಅವಳಿಗೆ ತವರಲ್ಲದಂತೆ ಮಾಡಿದವಳು ನಾನೇ ಎಂದಾಗುವುದಿಲ್ಲವೆ?

ನಮ್ಮ ಮನೆಯವರು ಫೋನು ಮಾಡಿ ಕರೆದಿದ್ದರು. "ಬತ್ತೀನಿ. ಉಂಡು ನಾಲ್ಕು ಗಂಟೆ ಬಸ್ಸಿಗೆ ಹೊಂಟೋಗ್ತೀನಿ," ಎಂದಿದ್ದಳಂತೆ. ಮೊದಲೆಲ್ಲ ಬಂದರೆ ಮೂರು ದಿನ ಇರುತ್ತಿದ್ದವಳು. ಅವಳು ಬರುವುದೇ ಅತ್ತೆಯ ಕೈಯ ಕಾಯಿಹಾಲಿಗೆ. ಇವತ್ತು ಅದು ಬಾಯಿಗೆ ಹಿಡಿಸದಿದ್ದರೆ ಗೌರಿ ಹಬ್ಬಕ್ಕೆ ಬರುವ ಮಾತೇ ಇಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮುದ್ದೆ ತೊಳಸಿಟ್ಟು, ಕಾಯಿ ತರಲು ಹಿತ್ತಲ ಮಾಡಿನ ಕೆಳಗೆ ಹೋದೆ. ಮೂಲೆಯಲ್ಲಿದ್ದ ಒಂಬತ್ತು ಹತ್ತು ಕಾಯಿಗಳಲ್ಲಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದು. ಅದಕ್ಕೂ ಇಲ್ಲ. ಎಲ್ಲವನ್ನೂ ಅಲ್ಲಾಡಿಸಿದೆ.

ನಮ್ಮ ಕಡೆ ಕಾಯಿಗೆ ಮೂರು ಸ್ಥಿತಿ. ನೀರಿದ್ದರೆ ಗುಳುಗುಳು ಎನ್ನುತ್ತದೆ. ಅಟ್ಟದ ಮೇಲೆ ವರ್ಷ ಕಳೆದು ಕೊಬ್ಬರಿಯಾದರೆ ಒಳಗಿನ ಉಂಡೆ ಗಡಗಡ ಉರುಳುತ್ತದೆ. ನಡುವೆ ಒಂದಷ್ಟು ತಿಂಗಳು ಮೂಕ. ನೀರು ಇಂಗಿರುತ್ತದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿರುವುದಿಲ್ಲ. ಮೂಕ ಕಾಯಿ ಚಟ್ನಿಗಾಗುತ್ತದೆ, ಸಾರಿಗಾಗುತ್ತದೆ. ಹಾಲಿಗೆ ಮಾತ್ರ ಆಗುವುದಿಲ್ಲ. ಹಿಂಡಿದರೆ ಹಾಲಿಗೆ ಬದಲು ಎಣ್ಣೆ ಬರುತ್ತದೆ.

ಬಚ್ಚಲ ನೀರು ಕುಡಿದು ಬೆಳೆದ ಒಂದು ಮರ ಹಿತ್ತಲಲ್ಲಿದೆ. ಪ್ರತಿ ಕೊಯ್ಲಿನಲ್ಲೂ ಆ ಮರದ ಕಾಯನ್ನು ಅತ್ತೆ ಬೇರೆ ಮಾಡಿಸಿ ಮಾಡಿನ ಕೆಳಗೆ ಇಡಿಸುತ್ತಿದ್ದರು. ಅದು ಮನೆಗೆ, ಮಿಕ್ಕಿದ್ದು ಅಟ್ಟಕ್ಕೆ. ಅದನ್ನೊಂದು ಕೆಲಸ ಎಂದು ನಾವ್ಯಾರೂ ಎಣಿಸಿರಲಿಲ್ಲ. ಅವರು ಹೋದ ಮೇಲೆ, ಈಚಿನ ಎರಡು ಮೂರು ಕೊಯ್ಲಿನಲ್ಲಿ, ಕೊಯ್ಲಿನವರು ಎಲ್ಲವನ್ನೂ ಒಟ್ಟಿಗೆ ಅಟ್ಟಕ್ಕೆ ತುಂಬಿದ್ದರು. ಹಳೆಯ ರಾಶಿ ಚಟ್ನಿಗೆ ಸಾರಿಗೆ ಒದಗುತ್ತಿದ್ದರಿಂದ ನಮಗೆ ತಿಳಿಯಲೂ ಇಲ್ಲ.

"ಅಟ್ಟದಿಂದ ನಾಲ್ಕು ಇಳಿಸ್ರೀ, ಹೋದ ತಿಂಗಳ ಕೊಯ್ಲಿಂದು ನೀರಿರ್ತದೆ," ಎಂದು ನಮ್ಮ ಮನೆಯವರಿಗೆ ಹೇಳಿದೆ.

"ಅವು ಹಿಂದಿನ ಮೂಲೇಲವೆ ಕಣೇ. ರಾಶಿ ತುಳ್ಕೊಂಡು ಹೋಗ್ಬೇಕು. ಒಂದು ಸೀಳಿ ಕೊಳ್ತ್ರೆ ಪಕ್ಕದವೂ ಕೊಳೀತವೆ," ಎಂದರು. ತುಂಬಿದ ಅಟ್ಟವನ್ನು ಕೊಬ್ಬರಿಯಾಗುವವರೆಗೆ ತುಳಿಯುವುದಿಲ್ಲ, ಇದು ಎಲ್ಲ ಮನೆಯ ಕಟ್ಟುಪಾಡು.

"ಹಂಗಾದ್ರೆ ಕಿಬ್ಬನಹಳ್ಳಿ ಅಂಗಡೀಲಿ ತನ್ನಿ."

"ತೋಟ ಇಟ್ಕೊಂಡು ಕಾಯಿ ಕೊಂಡ್ಕೊಂಡ ಅಂತ ಬಸ್‌ಸ್ಟ್ಯಾಂಡೆಲ್ಲ ನಗ್ಬೇಕಾ? ಮರ ಹತ್ತೋನ್ನ ಕರೆಯಣ ಅಂದ್ರೆ ಇವತ್ತು ಬಾಡೂಟ ಬಿಟ್ಟು ಯಾವನ್ ಬತ್ತಾನೆ?"

ಪಕ್ಕದ ಮನೆಯಲ್ಲಿ ಕೇಳಲು ನನಗೂ ಬಾಯಿ ಬರಲಿಲ್ಲ. ಇಲ್ಲಿ ಉಪ್ಪು ಕೇಳಬಹುದು, ಹೆಪ್ಪು ಕೇಳಬಹುದು, ಕಾಯಿ ಕೇಳುವಂತಿಲ್ಲ.

ಗಾಬರಿಯಲ್ಲಿ ಮೂಕ ಕಾಯನ್ನೇ ಸುಲಿಸಿ ಒಡೆದೆ. ತುರಿ ರಬ್ಬರಿನಂತೆ ಎಳೆಎಳೆಯಾಗಿ ಬಂತು. ಬಿಸಿನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಪಾಕ ಆರಿತೋ ಇಲ್ಲವೋ ನೋಡದೆ ಸುರಿದೆ. ಕಣ್ಣೆದುರೇ ಒಡೆಯಿತು. ಕೆಳಗೆ ಬೆಲ್ಲದ ನೀರು, ನಡುವೆ ಬಿಳಿ ಚರಟ, ಮೇಲೆ ಎಣ್ಣೆಯ ಚಕ್ರಗಳು. ತೊಡಕಿನ ದಿನ ಒಡೆದ ಹಾಲು. ಸೌಟಿನಿಂದ ತಿರುಗಿಸಿ ನೋಡಿದೆ, ಕೂಡಲಿಲ್ಲ.

"ಏನ್ ಅತ್ತಿಗೆ, ಹಬ್ಬದ ದಿನ ಗಾಣ ಹಾಕಿದೀರಾ?"

ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ನಾದಿನಿ. ಅವಳು ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು ಫೋನು ಮಾಡಬೇಕಿತ್ತು, ಅವಳ ಅಣ್ಣ ಹೋಗಿ ಬೈಕಿನಲ್ಲಿ ಕರೆತರಬೇಕಿತ್ತು.

"ಎಂಗ್ ಬಂದ್ಯೇ?" ಎಂದರು ನಮ್ಮ ಮನೆಯವರು.

"ತರ್ಕಾರಿ ಟೆಂಪೋ ಸಿಕ್ತು, ಹತ್ತಿದೆ. ನಿನ್ ಬೈಕಲ್ಲಿ ಕೂತ್ರೆ ನನ್ ಸೊಂಟ ಉಳಿದಾತಾ?"

ನಗುತ್ತಲೇ ಬಂದಳು. ಆದರೆ ಕೈಚೀಲವನ್ನು ಒಳಗೆ ತರಲಿಲ್ಲ, ಬಾಗಿಲ ಪಕ್ಕದಲ್ಲೇ ಇಟ್ಟಳು. ನಾನು ಅದನ್ನು ನೋಡಿಕೊಂಡೆ. ಅವಳು ಪಾತ್ರೆಗೆ ಬಗ್ಗಿ ಮೂಸಿದಳು. "ಮೂಕ ಕಾಯಲ್ವಾ ಇದು? ಬಚ್ಚಲ ಮರದ್ದೆಲ್ಲಿ?"

"ಎಲ್ಲಾ ಅಟ್ಟಕ್ ಹಾಕಿಸ್ಬುಟ್ಟೆ ಕಣೇ," ಎಂದರು ಅಣ್ಣ.

"ಬುದ್ಧಿವಂತ ಕಣಪ್ಪ. ಮನೇಗ್ ಇಲ್ದಂಗೆ ಎಲ್ಲಾನೂ ಕೊಬ್ಬರಿ ಮಾಡು."

ಹೇಳುತ್ತಲೇ ಅವಳ ಕಣ್ಣು ಮಾಡಿನ ಮೂಲೆಗೆ ಹೋಯಿತು, ಅತ್ತೆ ರಾಶಿ ಇಡಿಸುತ್ತಿದ್ದ ಜಾಗಕ್ಕೆ. ಅಳಬೇಡ ತಾಯಿ, ಇವತ್ತೊಂದು ದಿನ ಅಳಬೇಡ ಎಂದು ಒಳಗೇ ಬೇಡಿಕೊಂಡೆ.

ಅವಳು ಮೂಗು ಒರೆಸಿಕೊಂಡು ಸೆರಗು ಸಿಕ್ಕಿಸಿದಳು. "ಏಣಿ ಎಲ್ಲಿ?"

"ಹಬ್ಬಕ್ ಬಂದೋಳು ನೀನು. ಕೂತ್ಕೋ, ನಾವು ಏನಾದ್ರೂ ಮಾಡ್ತೀವಿ," ಎಂದೆ.

"ಕೂತ್ಕೊಳ್ಳೋಕೆ ನಾನೇನ್ ಬೀಗಿತೀನಾ? ಏಣಿ ಹಿಡ್ಕಳಿ."

ಐವತ್ತು ದಾಟಿದ ಹೆಂಗಸು, ಮಂಡಿ ನೋವಿನವಳು. ಮೆಟ್ಟಿಲು ಮೆಟ್ಟಿಲಿಗೂ ಏಣಿ ಕಿರುಗುಟ್ಟುತ್ತಿತ್ತು. ಅವಳ ಕಾಲು ಜಾರಿದರೆ ಏನು ಗತಿ ಎಂದು ಏಣಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ತೊಡೆಯವರೆಗೂ ಅಟ್ಟದೊಳಗೆ ಮರೆಯಾದಳು.

"ತುಳೀಬೇಡ ಕಣೇ!" ಎಂದು ಅಣ್ಣ ಕೆಳಗಿನಿಂದ ಕೂಗಿದರು.

"ತೊಲೆ ಹಿಡ್ಕಂಡು ಗೋಡೆ ಪಕ್ಕದಲ್ಲಿ ಹೋಗ್ತಿದೀನಿ ಬುಡಪ್ಪ. ಕಣ್ಣಾಮುಚ್ಚಾಲೆ ಆಡೋವಾಗ ನೀನು ಭಯಕ್ಕೆ ಮೇಲ್ ಬತ್ತಿರ್ಲಿಲ್ಲ, ಈಗ ನಂಗ್ ಹೇಳ್ಕೊಡ್ತಾನೆ."

ಆಮೇಲೆ ಮೇಲಿನಿಂದ ಅವಳ ದನಿ ಮಾತ್ರ. "ಇದು ಮೂಕ... ಇದೂ ಮೂಕ... ಇದು ಗಡಗಡ ಅಂತದೆ, ಲೇ ಅಣ್ಣ, ಕೊಬ್ಬರಿ ಆಗವೆ, ಇಳಿಸ್ಬಾರ್ದಾ... ಇದೂ ಮೂಕ..." ಧೂಳು ನನ್ನ ತಲೆಯ ಮೇಲೆ ಉದುರುತ್ತಿತ್ತು. ದನಿ ಹಿಂದಿನ ಮೂಲೆಯತ್ತ ಸರಿಯಿತು. ಕರೆಯಬೇಕೆನ್ನುವಷ್ಟರಲ್ಲಿ, "ಅತ್ತಿಗೇ, ಗುಳುಗುಳು!"

ಒಂದೊಂದಾಗಿ ಇಳಿಬಿಟ್ಟಳು, ನಮ್ಮ ಮನೆಯವರು ಹಿಡಿದರು. ಇಳಿದಾಗ ಅವಳ ಕೂದಲ ತುಂಬ ಜೇಡರ ಬಲೆ. ನಮ್ಮವರು ನಕ್ಕರು. "ನಗು ನಗು, ಸುಲಿಯೋದ್ ನೀನೇ," ಎಂದಳು.

ಒಡೆದ ಹಾಲನ್ನು ದನದ ಕಲಗಚ್ಚಿನ ಬಾನಿಗೆ ಸುರಿದೆ. ಅವಳು ರುಬ್ಬಿದಳು, ನಾನು ಹಿಂಡಿದೆ. ಮೊದಲ ಹಾಲನ್ನು ಗಟ್ಟಿಯಾಗಿ ಬೇರೆ ಎತ್ತಿಟ್ಟೆವು. ಎರಡನೆಯ, ಮೂರನೆಯ ಹಾಲಿಗೆ ಗಸಗಸೆ ರುಬ್ಬಿದ್ದು ಸೇರಿಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದೆವು, ಕುದಿಯಲು ಬಿಡಲಿಲ್ಲ. ಹೊಸ ಪಾಕದ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಆರಿಸಿದೆವು. "ಬೆರಳಿಟ್ ನೋಡಿ," ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಇಟ್ಟು ನೋಡಿದೆ. ಒಲೆಯಿಂದ ಇಳಿಸಿ ಪಾಕ ಹಾಕಿ, ಕೊನೆಗೆ ಮೊದಲ ಹಾಲು, ಏಲಕ್ಕಿ. ಸುರಿಯುವುದನ್ನು ಅವಳಿಗೇ ಬಿಟ್ಟೆ.

ಒಂದು ಸೌಟು ಅಂಗೈಗೆ ಹಾಕಿಕೊಂಡು ಕುಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಅವ್ವಂದಲ್ಲ," ಎಂದಳು. ಇನ್ನೊಂದು ಸೌಟು ಹಾಕಿಕೊಂಡಳು. "ಆದ್ರೆ ಒಡ್ದಿಲ್ಲ."

ಇದು ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ.

ಮುದ್ದೆಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ ಬಿಸಿಬಿಸಿ ಇರುವಾಗಲೇ ಒತ್ತಿದೆವು. ಒರಳಿನ ಹಿಡಿಗೆ ಅಣ್ಣ ಜೋತುಬಿದ್ದರು. "ಇಷ್ಟ್ ತೂಕ ಇಟ್ಕಂಡು ಇಷ್ಟೇನಾ ಇಳ್ಸೋದು?" ಎಂದು ತಂಗಿ ಹಂಗಿಸಿದಳು. ಅತ್ತೆಯ ಫೋಟೋದ ಮುಂದೆ ಮೊದಲ ಎಡೆ ಇಟ್ಟು ಮೂವರೂ ಎಲೆಯ ಮುಂದೆ ಕೂತೆವು. ಅವಳು ಎರಡನೆಯ ಸಲ ಬಡಿಸಿಕೊಂಡಳು. ಬಾಗಿಲ ಬಳಿಯ ಚೀಲ ಮಾತ್ರ ಅಲ್ಲೇ ಇತ್ತು.

ಉಂಡ ಮೇಲೆ ನಡುಮನೆಯ ತಣ್ಣನೆ ನೆಲದಲ್ಲಿ, ಅಟ್ಟದ ಕೆಳಗೆ, ಸೆರಗನ್ನೇ ಹಾಸಿಕೊಂಡಳು. "ಒಂದ್ ಗಳಿಗೆ ಸೊಂಟ ನೀಡ್ತೀನಿ. ಬಸ್ ಒತ್ತಿಗೆ ಎಬ್ಬಿಸಿ ಅತ್ತಿಗೆ." ಹೇಳಿ ಮುಗಿಸುವಷ್ಟರಲ್ಲಿ ನಿದ್ದೆ.

ದಿನಕ್ಕೊಮ್ಮೆ ನಮ್ಮೂರಿಗೆ ಬರುವ ನಾಲ್ಕು ಗಂಟೆ ಬಸ್ಸಿನ ಹಾರನ್ ದೂರದಲ್ಲಿ ಕೇಳಿಸಿತು. "ಎಬ್ಬಿಸೇ, ಬಂತು," ಎಂದು ನಮ್ಮವರು ಬಾಗಿಲಲ್ಲಿ ನಿಂತರು. ಅವಳ ತಲೆಯ ಹತ್ತಿರ ಕೂತೆ, ಕೈಯನ್ನು ಭುಜದವರೆಗೆ ತಂದೆ. ಎಬ್ಬಿಸದಿದ್ದರೆ ಅವಳ ಗಂಡ ಕಾಯುತ್ತಾನೆ, ತೊಡಕಿನ ದಿನ ಅವಳ ಮನೆಯಲ್ಲಿ ಮಾತಾಗುತ್ತದೆ, ಅದೂ ನನ್ನಿಂದ. ಎಬ್ಬಿಸಿದರೆ ಎದ್ದು ಮುಖ ತೊಳೆದು ಚೀಲ ಎತ್ತಿಕೊಂಡು ನಡೆಯುತ್ತಾಳೆ. ಅರಳಿಮರದ ಹತ್ತಿರ ಬಸ್ಸು ನಿಂತ ಸದ್ದು, ಬಾಗಿಲು ಬಡಿದ ಸದ್ದು. ಕೈ ಅಲ್ಲೇ ಇತ್ತು. ಬಸ್ಸು ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದಳು. "ಯಾಕ್ ಎಬ್ಬಿಸ್ಲಿಲ್ಲ?"

"ಎಬ್ಬಿಸ್ದೆ ಕಣೇ. ನೀನ್ ಏಳ್ಲಿಲ್ಲ."

ನನ್ನ ಮುಖ ನೋಡಿದಳು. "ತೊಡಕಿನ ದಿನ ಸುಳ್ ಹೇಳ್ಬೇಡಿ ಅತ್ತಿಗೆ. ವರ್ಷವೆಲ್ಲಾ ಹೇಳ್ಬೇಕಾಯ್ತದೆ." ಆಮೇಲೆ ಫೋನು ತೆಗೆದು ಗಂಡನಿಗೆ ಹೇಳಿದಳು: "ಬಸ್ ತಪ್ಪೋಯ್ತು ಕಣ್ರೀ. ನಾಳೆ ಬತ್ತೀನಿ. ನಾಡಿದ್ದಾದ್ರೂ ಆತು." ಆ ಕಡೆಯಿಂದ ಏನು ಬಂತೋ, ನಕ್ಕಳು. ಚೀಲವನ್ನು ತಾನೇ ಒಳಗೆ ತಂದು ಅತ್ತೆಯ ಪೆಟ್ಟಿಗೆಯ ಮೇಲೆ ಇಟ್ಟಳು. ಅಣ್ಣನನ್ನು ಕರೆದು, "ಮುಂದಿನ್ ಕೊಯ್ಲಿಂದ ಬಚ್ಚಲ ಮರದ್ದು ಬೇರೆ ಇಡ್ಸು. ಗೌರಿ ಹಬ್ಬಕ್ ಬಂದಾಗ ನಾನ್ ಇನ್ನೊಂದ್ಸಲ ಏಣಿ ಹತ್ತಲ್ಲ," ಎಂದಳು.

ರಾತ್ರಿಗೆ ಉಳಿದ ಶಾವಿಗೆಗೆ ನಿಂಬೆಹಣ್ಣು ಹಿಂಡಿ ಒಗ್ಗರಣೆ ಹಾಕಿದೆ, ಜೊತೆಗೆ ತಣ್ಣನೆ ಮಜ್ಜಿಗೆ. ಪಾತ್ರೆಯ ತಳದಲ್ಲಿದ್ದ ಕಾಯಿಹಾಲನ್ನು ಅಣ್ಣ ತಂಗಿ ಪಾಲು ಮಾಡಿಕೊಂಡು, ನಿಂದು ಜಾಸ್ತಿ ನಿಂದು ಜಾಸ್ತಿ ಎನ್ನುತ್ತಾ ಕುಡಿದರು. ಮೊದಲು ಮಲಗಿದ್ದು ನಾನು. ಅವರಿಬ್ಬರೂ ಇನ್ನೂ ಮಾತಾಡುತ್ತಲೇ ಇದ್ದರು.