ಜೀಪಿನವನು ಕುಡಿದ ಕಪ್ಪು ಬೀರು

ಕಾಲೇಜು ಮುಗಿಸಿ ಬಾದಾಮಿಯಲ್ಲಿ ಗೈಡ್ ಆಗಿದ್ದ ನನ್ನನ್ನೂ ಪ್ರವಾಸಿಗರನ್ನೂ ಕರೆದೊಯ್ಯುತ್ತಿದ್ದ ಜೀಪ್ ಡ್ರೈವರ್, ಯಾವ ಬಾಟಲಿ ಸಿಕ್ಕರೂ ಅದರ ಬಾಯನ್ನು ಟವೆಲಿನಿಂದ ಒರೆಸಿ, "ಬೀರ್ ಅಂದ್ರ ನೀರ್ರಿ ಸರ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಮಹಾಕೂಟದ ರಸ್ತೆಯಲ್ಲಿ ವಿದೇಶಿ ಪ್ರವಾಸಿಯೊಬ್ಬ ಅವನಿಗೆ ವಿಸ್ಕಿ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟು ಹದಗೊಳಿಸಿದ ಕಪ್ಪು ಬೀರಿನ ಬಾಟಲಿ ಕೊಟ್ಟ. ಮಾಮೂಲಿಗಿಂತ ಎರಡು ಪಟ್ಟು ಕಡಕ್ ಎಂದು ಬಾಟಲಿಯ ಮೇಲಿನ ಚೀಟಿಯಲ್ಲಿ ಓದಿದ ನಾನು, ಅವನ ಖುಷಿ ಕೆಡಿಸುವುದೇಕೆಂದು ಸುಮ್ಮನಿದ್ದೆ.

"ಸುಟ್ಟ ಬೆಲ್ಲ ಇದ್ದಂಗ ಐತ್ರಿ!" ಎಂದು ಚಪ್ಪರಿಸಿ ಪೂರ್ತಿ ಕುಡಿದ.

ಮರಳುವಾಗ ಸಣ್ಣ ಸೇತುವೆಯೊಂದರ ತಿರುವಿನಲ್ಲಿ ಜೀಪು ರಸ್ತೆ ಬಿಟ್ಟು ಅಂಚಿಗೆ ಸಿಕ್ಕಿ ನಿಂತಿತು. ಮುಂದಿನ ಗಾಲಿಯೊಂದು ಸೇತುವೆಯ ಅಂಚಿನಾಚೆ ಬರೀ ಗಾಳಿಯಲ್ಲಿ ತಿರುಗಿತು. ನನ್ನ ಕಣ್ಣಲ್ಲಿ ಅದು ಇನ್ನೂ ನಿಂತಿಲ್ಲ.

ಅವನು ಇಳಿದು, ಗಾಲಿ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು ಕೀಲಿಯನ್ನು ನನ್ನ ಕೈಗಿಟ್ಟ.

"ನೀವು ಚೀಟಿ ಓದಿದ್ರಲ್ರಿ ಸರ, ಒಂದ ಮಾತ ಹೇಳಬಾರ್ದಿತ್ತೇನ್ರಿ?"