ಮೂಕಪ್ಪನ ಪಟ್ಟಿಗೆ ಬಗ್ಗದ ಬಾವು

ಕುರುಗೋಡಿನಲ್ಲಿ ಯಾರ ಕಾಲು ಉಳುಕಿದರೂ ಮೊದಲು ನೆನಪಾಗುವುದು ನಮ್ಮ ಪಕ್ಕದ ಮನೆಯ ಮೂಕಪ್ಪ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವವರೂ ಸೊಂಟ ಹಿಡಿದುಕೊಂಡು ಬಸ್ಸು ಹತ್ತಿ ಇವನ ಮನೆಗೇ ಬರುತ್ತಾರೆ. ಹುಣಸೆಹಣ್ಣು, ಅರಿಶಿಣ, ಸುಣ್ಣ ಕಲಸಿ ಕಾಯಿಸಿ ಬಾವಿನ ಮೇಲೆ ಬಿಸಿಬಿಸಿಯಾಗಿ ಪಟ್ಟು ಹಾಕುತ್ತಾನೆ. ನನ್ನ ಮೊಣಕಾಲಿಗೂ ಒಮ್ಮೆ ಹಾಕಿದ್ದ. ಬಾವು ಇಳಿಯಿತು, ನಿಜ. ಆದರೆ ಅವನ ಬಡಾಯಿ ಕೇಳಿ ಬಂದ ತಲೆನೋವಿಗೆ ಅವನ ಹತ್ತಿರ ಔಷಧಿ ಇರಲಿಲ್ಲ.

ಈ ವರ್ಷ ಅವನ ಹೆಂಡತಿ ಹೊನ್ನೂರಮ್ಮನಿಗೆ ಟಿಬಿ ಬಂತು. ಆಕೆ ದವಾಖಾನೆಯ ಗುಳಿಗೆ ಒಂದು ದಿನವೂ ತಪ್ಪಿಸದೆ ನುಂಗಿದಳು. ಮೂಕಪ್ಪ ದಿನಾ ಸಂಜೆ ಆಕೆಯ ಎದೆಗೆ ಪಟ್ಟು ಹಾಕಿದ. ಕೆಮ್ಮು ಇಳಿಯುತ್ತಾ ಬಂತು. "ಗುಳಿಗಿ ಬರೇ ನೆಪಕ್ಕ, ಎದಿಯೊಳಗಿನ ಬಾವು ಇಳಿಸಿದ್ದು ನನ್ನ ಪಟ್ಟು" ಎಂದು ಇವನು ಚಹಾದಂಗಡಿಯಲ್ಲಿ ಕೂತು ಹೇಳತೊಡಗಿದ. ನನಗೆ ಮೈ ಉರಿಯುತ್ತಿತ್ತು. ಹೊನ್ನೂರಮ್ಮ ಮಾತ್ರ ಕೇಳಿಯೂ ಸುಮ್ಮನಿದ್ದಳು.

ಟಿಬಿ ಬಂದವರ ಮನೆಯವರಿಗೂ ಪರೀಕ್ಷೆ ಮಾಡಬೇಕೆಂದು ನರ್ಸ್ ಕಾವೇರಿ ಬಂದಳು. ಮೂಕಪ್ಪನ ಎಡ ಮುಂಗೈಗೆ ಸಣ್ಣ ಸೂಜಿ ಚುಚ್ಚಿ, "ಇಲ್ಲಿ ಬಾವು ಬಂದ್ರ ಬರ್ಲಿ ತಾತಾ, ಮುಟ್ಟಬ್ಯಾಡ್ರಿ. ನಾಡಿದ್ದು ಬಂದು ಅಳೀತೀನಿ. ದೊಡ್ಡದಿದ್ರ ಎಕ್ಸ್‌ರೇ ತೆಗೆಸಿ ನೀವೂ ಗುಳಿಗಿ ನುಂಗಬೇಕು. ಇಲ್ಲಂದ್ರ ಮುಂದ ನಿಮಗೂ ರೋಗ ಬರಬಹುದು" ಎಂದಳು.

ಬಾವು ಮುಟ್ಟಬೇಡ ಎಂದು ಮೂಕಪ್ಪನಿಗೆ ಹೇಳುವುದೇ! ಮರುದಿನ ಕೈ ಕೆಂಪಗೆ ಉಬ್ಬಿತು. ಬಾವು ಇಳಿಸುವವನ ಕೈಯಲ್ಲೇ ಬಾವು, ಊರವರು ನೋಡಿದರೆ ಏನಂದಾರು? ಹೊನ್ನೂರಮ್ಮ ನೀರಿಗೆ ಹೋದದ್ದೇ ತಡ, ಪಟ್ಟು ಕಾಯಿಸಿದ. ಇಳಿಯಲಿಲ್ಲ. ಸುಣ್ಣ ಜಾಸ್ತಿ ಹಾಕಿದ. ಚರ್ಮ ಸುಟ್ಟಿತೇ ಹೊರತು ಬಾವು ಜಗ್ಗಲಿಲ್ಲ. ಆ ಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು ಓಡಾಡಿದ.

ಕಾವೇರಿ ಮತ್ತೆ ಬಂದ ದಿನ ನಾನೂ ತಮಾಷೆ ನೋಡಲು ಹೋಗಿ ನಿಂತೆ. ಅವಳು ಅಂಗಿಯ ತೋಳು ಮಡಚಿದರೆ ಮುಂಗೈಯೆಲ್ಲ ಅರಿಶಿಣ-ಸುಣ್ಣದ ಕೆಂಪು ಕಲೆ, ಮೇಲೆ ಗುಳ್ಳೆ.

"ಇದೇನ್ ತಾತಾ, ಕೈನ ಉಪ್ಪಿನಕಾಯಿ ಹಾಕೀರೇನು? ಟೆಸ್ಟಿನ ಬಾವು ಯಾವ್ದು, ಸುಣ್ಣದ್ದು ಯಾವ್ದು ಅಂತ ಹೆಂಗ ಅಳೀಲಿ? ಇನ್ನೊಂದು ಕೈಗೆ ಮತ್ತ ಚುಚ್ಚಬೇಕು."

"ಬ್ಯಾಡಮ್ಮಾ. ಇಕಿ ಎದಿ ಬಾವು ಇಳಿಸಿದವ್ನಿಗೆ ತನ್ನ ಬಾವು ಇಳಿಸ್ಕೊಳ್ಳಾಕ ಬರಂಗಿಲ್ಲೇನು?" ಎಂದ ಮೂಕಪ್ಪ. ಆಮೇಲೆ ದನಿ ತಗ್ಗಿಸಿ, "ಆದ್ರ ಇದೆಂಥ ಬಾವು, ನನ್ನ ಪಟ್ಟಿಗೆ ಬಗ್ಗವಲ್ದು?" ಎಂದ.

ಕಾವೇರಿ ನಗು ತಡೆದು ಕೂತಳು. "ಸೂಜಿಯಾಗ ಇದ್ದಿದ್ದು ರೋಗಾಣು ಅಲ್ಲ, ಅದರ ಒಂದೀಟು ಪ್ರೋಟೀನ್. ರೋಗಾಣು ಮೊದ್ಲೇ ಮೈಯಾಗ ಹೊಕ್ಕಿದ್ರ, ಮೈ ಅದರ ಗುರುತು ಹಿಡಿದು ಜಗಳಕ್ಕ ಬೀಳತೈತಿ. ಅದೇ ಬಾವು. ಎದಿಯೊಳಗಿನ ಪುಪ್ಪುಸದಾಗೂ ಹಂಗ. ರೋಗಾಣು ಇಂಥ ಪ್ರೋಟೀನ್ ಉಗುಳತೈತಿ, ಅಲ್ಲಿನ ಕಾವಲು ಕಣಗಳು ಒದರಿ ಮಂದಿ ಕೂಡಿಸ್ತಾವು. ಆ ಹೊಡೆದಾಟದಾಗ ಕಳ್ಳನ ಜೋಡಿ ಮನಿಗೂ ಪೆಟ್ಟು ಬೀಳತೈತಿ. ಅಜ್ಜಿ ಕೆಮ್ಮಿದ್ದು ಅದಕ್ಕ. ಎದಿ ಮ್ಯಾಲೆ ಹಚ್ಚಿದ್ದು ಅಲ್ಲೀಮಟ ಮುಟ್ಟಂಗಿಲ್ಲ. ರೋಗಾಣು ಕೊಲ್ಲೋದು ಗುಳಿಗಿ."

ಮೂಕಪ್ಪ ತನ್ನ ಸುಟ್ಟ ಕೈ ನೋಡಿಕೊಂಡ. "ಹಂಗಾರ ಇಷ್ಟು ದಿನ ನಾ ಹಚ್ಚಿದ್ದು?"

ಬಾಗಿಲಲ್ಲಿ ನಿಂತಿದ್ದ ಹೊನ್ನೂರಮ್ಮ, "ಅದರಿಂದ ಏನೂ ಆಗಂಗಿಲ್ಲಂತ ನನಗ ಗೊತ್ತಿತ್ತು" ಎಂದಳು.

"ಮತ್ಯಾಕ ಹಚ್ಚಿಸ್ಕೊಂಡೀಲೇ? ಊರ ತುಂಬ ಹೇಳ್ಕೊಂಡು ತಿರುಗೀನಲ್ಲ!"

"ಹಚ್ಚುವಾಗ ನಿನ್ನ ಕೈ ನಡುಗ್ತಿತ್ತು. ನಾ ಎಲ್ಲಿ ಸಾಯ್ತೀನೋ ಅಂತ ಹೆದರಿದ್ದಿ. ಬ್ಯಾಡ ಅನ್ನಾಕ ಮನಸ್ಸು ಬರಲಿಲ್ಲ." ಆಕೆ ತನ್ನ ಕೈ ಮುಂದೆ ಹಿಡಿದಳು. "ಈಗ ನನ್ನ ಕೈ ನಡುಗಾಕ ಹತ್ತೈತಿ, ನೋಡು."

ಮೂಕಪ್ಪ ಅಂಗಿಯ ಬಲತೋಳು ಮಡಚಿ ಕಾವೇರಿಯ ಮುಂದೆ ಕೈ ಚಾಚಿದ.